ಅನ್‌ಹೈಜೀನಿಕ್ ಅಂದ್ರೆ ಏನು ಸಾ?

ಕೊಳಕು ಅನ್ನೋದಕ್ಕೆ ಕನ್ನಡದಲ್ಲಿ ಮಾತಿಗೇನೂ ಕೊರತೆ ಇಲ್ಲ. ಗಲೀಜು, ಹೊಲಸು, ಗಬ್ಬು, ಕಚಡ, ಬೇಕಾದಷ್ಟಿವೆ. ತೊಂದರೆ ಏನೆಂದರೆ ಇವೆಲ್ಲ ಎದುರಿಗಿರುವವರಿಗೆ ಅರ್ಥವಾಗಿಬಿಡುತ್ತವೆ.

ನಾನು ಹೆಲ್ತ್ ಇನ್ಸ್‌ಪೆಕ್ಟರ್. ನಂಜನಗೂಡು ತಾಲ್ಲೂಕಿನಲ್ಲಿ ಬಹಳ ಕಾಲ ಇದ್ದೆ, ಈಗ ಟಿ. ನರಸೀಪುರದಲ್ಲಿದ್ದೇನೆ. ಹೋಟೆಲು, ಮೆಸ್ಸು, ಬೇಕರಿ, ಚರಂಡಿ ನೋಡಿ, ನೋಡಿದ್ದನ್ನು ಅದರ ಮಾಲೀಕರಿಗೆ ಹೇಳುವುದು ನನ್ನ ಕೆಲಸ. ನೋಡುವುದು ಸುಲಭ. ಹೇಳುವುದರಲ್ಲೇ ಎಲ್ಲ ಇರೋದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಇನ್ಸ್‌ಪೆಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನೋಡಪ್ಪ, ಯಾವತ್ತೂ ಗಲೀಜು ಅಂತ ಮಾತ್ರ ಅನ್ನಬೇಡ. ನಾನು ಒಂದು ಸಲ ಅಂದಿದ್ದೆ" ಎಂದು ಕಿವಿಯ ಹಿಂದಿನ ಹೊಲಿಗೆ ಗುರುತು ತೋರಿಸಿದರು. "ಸೌಟು. ಸಾಂಬಾರಿನದು. ಅದಕ್ಕೇ ಹೇಳೋದು, ಅನ್‌ಹೈಜೀನಿಕ್ ಅನ್ನು. ಅವರಿಗೆ ಅರ್ಥ ಆಗಲ್ಲ, ಕೇಳೋಕೆ ಗೌರವವಾಗೂ ಇರುತ್ತೆ."

ಅವರ ಮಾತು ಸುಳ್ಳಾಗಲಿಲ್ಲ. ಇವತ್ತಿನವರೆಗೆ ನನ್ನ ಮೇಲೆ ಯಾರೂ ಸೌಟು ಎತ್ತಿಲ್ಲ. ಆದರೆ ಅರ್ಥವಾಗದ ಮಾತನ್ನು ಜನ ಸುಮ್ಮನೆ ಬಿಡುವುದಿಲ್ಲ, ತಮಗೆ ತೋಚಿದ ಅರ್ಥ ಕೊಟ್ಟುಕೊಳ್ಳುತ್ತಾರೆ. ಅದರಿಂದ ಏನೇನಾಗಬಹುದೋ ಅದೆಲ್ಲ ಆಗಿದೆ, ಇನ್ನೂ ಆಗುತ್ತಲೇ ಇದೆ.

ಬೋರ್ಡು

ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಹೋಟೆಲು. ದೋಸೆ ಹಿಟ್ಟಿನ ಪಾತ್ರೆಗೆ ಮುಚ್ಚಳವಿಲ್ಲ. ಕುಡಿಯುವ ನೀರಿನ ಡ್ರಮ್ಮಿಗೆ ಲೋಟ ಅದ್ದಿದರೆ ಲೋಟದ ಜೊತೆ ಮೊಣಕೈವರೆಗೂ ಅದ್ದಬೇಕು. ಮೇಜು ಒರೆಸುವ ಬಟ್ಟೆ, ತಟ್ಟೆ ಒರೆಸುವ ಬಟ್ಟೆ ಎರಡೂ ಒಂದೇ. ಅದು ಮಾಲೀಕರ ಹೆಗಲ ಮೇಲಿರುತ್ತಿತ್ತು. ಬೆವರು ಬಂದರೆ ಮುಖಕ್ಕೂ ಅದೇ.

"ಯಜಮಾನ್ರೆ, ನಿಮ್ಮ ಹೋಟ್ಲು ತುಂಬ ಅನ್‌ಹೈಜೀನಿಕ್ ಆಗಿದೆ" ಎಂದೆ.

ಅವರು ಹೆಗಲ ಬಟ್ಟೆ ತೆಗೆದು ಕೈ ಮುಗಿದರು. "ಎಲ್ಲಾ ತಮ್ಮಂತೋರ ಆಸೀರ್ವಾದ ಸಾ. ನಮ್ಮಪ್ಪನ ಕಾಲದಿಂದ್ಲೂ ಇಂಗೇ ನಡಸ್ಕೊಂಡು ಬಂದಿವಿ."

"ಹಿಂಗೇ ಇದ್ರೆ ನಾನು ಮೇಲಕ್ಕೆ ಬರೀಬೇಕಾಗುತ್ತೆ."

"ಬರೀರಿ ಸಾ, ಖಂಡಿತ ಬರೀರಿ. ನಮ್ಮಂತ ಸಣ್ಣೋರ್ನ ಯಾರು ಕೇಳ್ತಾರೆ ಅಂತಿದ್ದೆ. ತಾವಾದ್ರೂ ಬರೀತೀನಿ ಅಂದ್ರಲ್ಲ!"

ಕಾಫಿ ತರಿಸಿದರು. ನಾನು ಕುಡಿಯಲಿಲ್ಲ. ಅದನ್ನು ಅವರು ನನ್ನ ಪ್ರಾಮಾಣಿಕತೆ ಅಂದುಕೊಂಡರು.

ಮುಂದಿನ ಸುತ್ತಿಗೆ ಆ ಕಡೆ ಹೋದಾಗ ಹೋಟೆಲಿನ ಮುಂದೆ ನಿಲ್ಲಲು ಜಾಗವಿರಲಿಲ್ಲ. ಬಾಗಿಲ ಮೇಲೆ ಹೊಸ ಬೋರ್ಡು, ಹಳದಿ ಮೇಲೆ ಕೆಂಪು ಅಕ್ಷರ: 'ಆರೋಗ್ಯಾಧಿಕಾರಿಗಳು ಖುದ್ದು ಪರೀಕ್ಷಿಸಿ ಅನ್‌ಹೈಜೀನಿಕ್ ಎಂದು ಒಪ್ಪಿರುವ ಹೋಟೆಲ್. ಒಮ್ಮೆ ಬಂದರೆ ಮತ್ತೆ ಬರುವಿರಿ.'

ಮಾಲೀಕರನ್ನು ಒಳಗೆ ಕರೆದುಕೊಂಡು ಹೋಗಿ ಅರ್ಥ ಬಿಡಿಸಿ ಹೇಳಿದೆ. ಅವರ ಮುಖ ಇಳಿದುಹೋಯಿತು.

"ಗಲೀಜು ಅಂತಾನಾ ಸಾ?"

"ಹೂಂ."

"ಪೇಂಟ್ರು ಬಿಕಾಂ ಮಾಡವ್ನೆ ಸಾ. ಅವ್ನೂ ಹೇಳ್ಲಿಲ್ವಲ್ಲ."

ಮಾನವಂತ ಮನುಷ್ಯ. ಹೋಟೆಲು ಎರಡು ದಿನ ಬಾಗಿಲು ಹಾಕಿ ಸುಣ್ಣ ಹೊಡೆಸಿದರು. ಪಾತ್ರೆಗಳಿಗೆ ಮುಚ್ಚಳ ಬಂತು, ಡ್ರಮ್ಮಿಗೆ ನಲ್ಲಿ ಬಂತು, ಬಟ್ಟೆಗಳು ಬೇರೆ ಬೇರೆಯಾದವು. ಬೋರ್ಡಿನಲ್ಲಿ 'ಅನ್' ಅನ್ನುವಷ್ಟನ್ನು ಮಾತ್ರ ಬಿಳಿ ಬಣ್ಣ ಬಳಿದು ಅಳಿಸಿದರು. ನನಗೂ ಸಂತೋಷವಾಗಿ ಬಾಗಿಲಲ್ಲಿ ನಿಂತು ಅಭಿನಂದಿಸುತ್ತಿದ್ದೆ. ಅಷ್ಟರಲ್ಲಿ ಹಳೇ ಗಿರಾಕಿಯೊಬ್ಬರು ಬಂದು ಬೋರ್ಡನ್ನೂ ಒಳಗಿನ ಹೊಸ ಸುಣ್ಣವನ್ನೂ ನೋಡಿ ಅಲ್ಲೇ ನಿಂತರು.

"ಯಾಕ್ಲಾ, ಮುಂದ್ಲುದ್ನ ಅಳ್ಸ್‌ಬುಟ್ಟಿದ್ದೀಯ? ಈಗ ಮೊದ್ಲಂಗಿಲ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಪಕ್ಕದ ಹೋಟೆಲಿಗೆ ಹೋದರು.

ಅನ್ನ

ಒಂದು ವರ್ಷ ಮಳೆಗಾಲದಲ್ಲಿ ಹುಲ್ಲಹಳ್ಳಿ ಕಡೆ ವಾಂತಿ ಭೇದಿ ಶುರುವಾಯಿತು. ಆಟೋಗೆ ಮೈಕು ಕಟ್ಟಿ ಪ್ರಚಾರ ಮಾಡಿಸಬೇಕೆಂದು ಮೇಲಿನಿಂದ ಆದೇಶ. ನಾನೇ ನಾಲ್ಕು ಸಾಲು ಬರೆದುಕೊಟ್ಟೆ: 'ಸಾರ್ವಜನಿಕರೇ, ಅನ್‌ಹೈಜೀನಿಕ್ ಆಹಾರ ಸೇವಿಸಬೇಡಿ...'

ಓದಲು ಬಂದವನು ಆರ್ಕೆಸ್ಟ್ರಾದಲ್ಲಿ ಹಾಡುವವನು. ಕಂಠ ಚೆನ್ನಾಗಿತ್ತು. ಆ ಪದವನ್ನು ಮಾತ್ರ ಹಿಂದೆಂದೂ ನೋಡಿರಲಿಲ್ಲ. ಹಾಡುವವರ ಅಭ್ಯಾಸದಂತೆ ಉಸಿರು ಎಲ್ಲಿ ಬೇಕೋ ಅಲ್ಲಿ ಮುರಿದ. "ಸಾರ್ವಜನಿಕರೇ... ಅನ್ನ! ಐಜೀನಿಕ್ ಆಹಾರ... ಸೇವಿಸಬೇಡಿ!" ಆಟೋ ಓಡುತ್ತಿದ್ದದ್ದರಿಂದ ನಡುವಿನದು ಗಾಳಿಯಲ್ಲಿ ಹೋಯಿತು. ಜನರಿಗೆ ತಲುಪಿದ್ದು ಎರಡೇ ಮಾತು. ಅನ್ನ, ಸೇವಿಸಬೇಡಿ.

ಅವತ್ತು ಸಂತೆ ಬೇರೆ. ಮಧ್ಯಾಹ್ನದ ಹೊತ್ತಿಗೆ ನನ್ನ ಸುತ್ತ ಜನ ಸೇರಿಬಿಟ್ಟರು. ಮುಂದೆ ನಿಂತಿದ್ದ ರೈತರೊಬ್ಬರ ಪಂಚೆಯ ಮೇಲೆ ಗದ್ದೆ ಕೆಸರು ಇನ್ನೂ ಒಣಗಿರಲಿಲ್ಲ.

"ಸಾ, ನಾಲೇಲಿ ನೀರು ಬುಟ್ಟವ್ರೆ, ನಾಟಿ ಮುಗ್ಸಿವ್ನಿ. ಈಗ ಬಂದು ಅನ್ನ ತಿನ್ಬೇಡಿ ಅಂದ್ರೆ ಎಂಗೆ ಸಾ? ಒಂದು ತಿಂಗ್ಳು ಮುಂಚೆ ಯೋಳ್ಬಾರ್ದಾಗಿತ್ತಾ?"

"ಅಯ್ಯೋ, ಅನ್ನ ತಿನ್ನಿ ಯಜಮಾನ್ರೆ. ಧಾರಾಳವಾಗಿ ತಿನ್ನಿ."

"ಆಟೋದೋನು ಬ್ಯಾಡ ಅಂದ."

"ಅವನು ಹೇಳಿದ್ದು ಅನ್ನ ಅಲ್ಲ. ಅನ್."

"ಅದೇ ಕಣ್ ಸಾ. ಅನ್ನ."

ಹಿಂದಿನಿಂದ ಇನ್ನೊಬ್ಬರು ನುಗ್ಗಿ ಬಂದರು. "ಸಾ, ನಮ್ಮಟ್ಟಿಯೋಳು ಮಾಡಿದ್ ಅನ್ನಾನೆಲ್ಲ ಎಮ್ಮೆಗೆ ಇಕ್‌ಬುಟ್ಟವ್ಳೆ. ಈಗ ಅದ್ರ ಆಲು ಕರೀಬೋದಾ?"

ಕೊನೆಗೆ ನಾನೇ ಆಟೋ ಹತ್ತಿ ಮೈಕು ಹಿಡಿದೆ. ಇಂಗ್ಲಿಷ್ ಒಂದಕ್ಷರವೂ ಬಳಸಲಿಲ್ಲ. "ಅನ್ನ ತಿನ್ನಬಹುದು. ಬಿಸಿಯಾಗಿ ತಿನ್ನಿ. ಸೋಪು ಹಾಕಿ ಕೈ ತೊಳೆದುಕೊಂಡು ತಿನ್ನಿ" ಎಂದು ಊರೆಲ್ಲ ಕೂಗಿದೆ. ಜನಕ್ಕೆ ಸಮಾಧಾನವಾಯಿತು. ಇಳಿಯುತ್ತಿದ್ದಾಗ ಅರಳಿಕಟ್ಟೆಯಲ್ಲಿ ಕೂತಿದ್ದ ಮುದುಕರೊಬ್ಬರು ಕೈ ಮಾಡಿ ಕರೆದರು.

"ಮುದ್ದೆಗೆ ಏನು ಸಾ?"

"ಮುದ್ದೆಗೂ ಅಷ್ಟೇ ತಾತ. ಕೈ ತೊಳೆದೇ ಉಣ್ಣಬೇಕು."

ಅವರು ತಮ್ಮ ಕೈ ನೋಡಿಕೊಂಡರು. "ಅನ್ನಕ್ಕೆ ಸರಿ ಅನ್ನಿ. ಅದು ಅಗ್ಯೋದು. ಮುದ್ದೆ ಸೀದಾ ನುಂಗೋದಲ್ವಾ, ಅದ್ಕೆ ಗೊತ್ತಾಯ್ತದಾ?"

ನಮ್ಮನೆ

ಇದು ಚಿಕ್ಕದು. ಒಂದು ಭಾನುವಾರ ಅಡುಗೆಮನೆಯಲ್ಲಿ ನೀರು ಕುಡಿಯಲು ಹೋದವನು, ಅಭ್ಯಾಸಬಲದಿಂದ, ಒಲೆ ಪಕ್ಕದ ಮಸಿಬಟ್ಟೆ ನೋಡಿ, "ಇದು ಸ್ವಲ್ಪ ಅನ್‌ಹೈಜೀನಿಕ್ ಅಲ್ವಾ?" ಎಂದೆ.

ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಹಾಗಂದ್ರೆ?"

"ಅದೇ. ಇಂಗ್ಲಿಷಿನಲ್ಲಿ ಹಂಗಂತಾರೆ."

"ನಂಗೆ ಇಂಗ್ಲಿಷ್ ಅಷ್ಟು ಬರಲ್ಲ. ಕನ್ನಡದಲ್ಲಿ ಹೇಳಿ."

ನಾನು ನೀರು ಕುಡಿದು ಹೊರಗೆ ಬಂದೆ. ಅವಳು ಇಂಗ್ಲಿಷ್ ಎಂಎ.

ಸಂಬಂಧ

ಇದರಲ್ಲಿ ನಗು ಬಂದದ್ದು ಆಮೇಲೆ.

ತಾಂಡವಪುರದ ಹತ್ತಿರ, ಮೈಸೂರು ರಸ್ತೆಗೆ, ಒಬ್ಬ ಹೆಂಗಸು ಮೆಸ್ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅದರಿಂದಲೇ ಜೀವನ. ಒಬ್ಬಳೇ ಮಗಳು, ಡಿಗ್ರಿ ಮುಗಿಸಿ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ತಗಡೂರು ಕಡೆಯ ಒಂದು ಮನೆಯಿಂದ ಸಂಬಂಧ ಬಂದು, ಮಾತುಕತೆ ಮುಗಿದು, ಎರಡೂ ಕಡೆಯವರು ಒಪ್ಪಿದ್ದರು. ಹುಡುಗ ತಾಂಡವಪುರದಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ.

ಇದೊಂದೂ ಗೊತ್ತಿಲ್ಲದ ನಾನು ಅವತ್ತು ಮೆಸ್ಸಿಗೆ ಹೋದೆ. ಕೈ ತೊಳೆಯುವ ಜಾಗದಲ್ಲಿ ನೀರು ನಿಂತು ಪಾಚಿ ಕಟ್ಟಿತ್ತು, ನೊಣ ಇತ್ತು. "ನೋಡಮ್ಮ, ಇಲ್ಲಿ ಅನ್‌ಹೈಜೀನಿಕ್ ಇದೆ. ಹೀಗೇ ಬಿಟ್ರೆ ಊರಿಗೆಲ್ಲ ಹರಡುತ್ತೆ" ಎಂದೆ. ಅವರು ಗಾಬರಿಯಿಂದ ತಲೆಯಾಡಿಸಿದರು. ಮೂಲೆಯಲ್ಲಿ ಊಟ ಮಾಡುತ್ತಿದ್ದವರೊಬ್ಬರು ಎಲೆಯಲ್ಲಿ ಅನ್ನ ಬಿಟ್ಟು ಎದ್ದು ಹೋದರು. ಅವರು ಗಂಡಿನ ದೊಡ್ಡಪ್ಪ. ನನಗೇನು ಗೊತ್ತು?

ಆ ಮಾತು ದೊಡ್ಡಪ್ಪನ ಜೊತೆ ಬಸ್ಸು ಹತ್ತಿ, ಊರು ಸೇರುವ ಹೊತ್ತಿಗೆ 'ಜೆನಿಟಿಕ್' ಆಗಿತ್ತು. ಜೆನಿಟಿಕ್ ಅಂದರೆ ತಲೆತಲಾಂತರಕ್ಕೆ ಹರಿದು ಬರುವ ಕಾಯಿಲೆ ಅಂತ ಟಿವಿ ನೋಡುವವರು ಯಾರೋ ಬಿಡಿಸಿ ಹೇಳಿದರು. ಡಾಕ್ಟರೇ ಬಂದು ಹೇಳಿದ್ದಾರೆ, ಊರಿಗೆಲ್ಲ ಹರಡುತ್ತಂತೆ, ಅಂತಾಯಿತು. ಮರುದಿನ ಬೆಳಿಗ್ಗೆ ಗಂಡಿನ ಮನೆಯವರು 'ಸಂಬಂಧ ಬೇಡ' ಅಂತ ಫೋನ್ ಮಾಡಿಬಿಟ್ಟರು.

ಆಯಮ್ಮ ನಾನಿದ್ದಲ್ಲಿಗೆ ಬಂದು ಬಾಗಿಲಲ್ಲೇ ನಿಂತರು. ಅತ್ತು ಅತ್ತು ಕಣ್ಣು ಊದಿತ್ತು.

"ಸಾ, ನಂಗೆ ಏನೋ ಕಾಯ್ಲೆ ಅದೆ ಅಂದ್ರಲ್ಲ, ಅದು ನಂಗೇ ಇರ್ಲಿ ಸಾ. ನಾನು ಎಂಗೋ ಕಳೀತೀನಿ. ನನ್ ಮಗೀಗಿಲ್ಲ ಅಂತ ಅವ್ರಿಗೆ ಒಂದು ಮಾತು ಯೋಳ್ಬುಡಿ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆಗಲೇ ಆಟೋ ಕರೆಸಿ ಅವರನ್ನೂ ಕೂರಿಸಿಕೊಂಡು ಗಂಡಿನ ಊರಿಗೆ ಹೊರಟೆ.

ಜಗಲಿಯ ಮೇಲೆ ಗಂಡಿನ ಅಪ್ಪ, ದೊಡ್ಡಪ್ಪ, ಕಂಬಕ್ಕೆ ಒರಗಿ ಅಜ್ಜಿ. ಹುಡುಗ ಒಳಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಕುಡಿಯಲು ನೀರು ಕೊಟ್ಟರು, ಆಯಮ್ಮನಿಗೆ ಬೇರೆ ಲೋಟದಲ್ಲಿ, ಸ್ವಲ್ಪ ದೂರದಿಂದ.

"ನೋಡಿ, ಅನ್‌ಹೈಜೀನಿಕ್ ಅಂದ್ರೆ ಕಾಯಿಲೆ ಅಲ್ಲ" ಎಂದು ಶುರು ಮಾಡಿದೆ.

"ಅರಡ್ತದೆ ಅಂದಿದ್ದು ನನ್ ಕಿವೀಲೇ ಕೇಳ್ದೆ" ಎಂದರು ದೊಡ್ಡಪ್ಪ.

"ಹರಡೋದು ನಿಜ. ಆದ್ರೆ ಕಾಯಿಲೆ ಅಲ್ಲ."

"ಕಾಯ್ಲೆ ಅಲ್ದಿದ್ರೆ ಅರಡೋದು ಇನ್ನೇನು ಸಾ, ಕುಂಬ್ಳ ಬಳ್ಳಿಯಾ?"

ಅಜ್ಜಿ ಮುಂದೆ ಬಾಗಿದರು. "ಅದು ರಕ್ತದಲ್ ಬತ್ತದಾ, ಎದೆಯಾಲಲ್ ಬತ್ತದಾ?"

"ಕೈಯಿಂದ ಬರುತ್ತಜ್ಜಿ."

"ಕೈಯಿಂದ್ಲಾ!" ಅಜ್ಜಿ ಎದೆ ಹಿಡಿದುಕೊಂಡರು. "ಧಾರೆ ಎರ್ದು ಕೈ ಇಡ್ಸೋ ವೊತ್ನಲ್ಲಿ ಇದೇನ್ ಬಂತವ್ವ!"

ಗಂಡಿನ ಅಪ್ಪ ಸಮಾಧಾನಸ್ಥರು. "ಓಗ್ಲಿ ಸಾ, ಇದ್ಕೆ ಔಸ್ದಿ ಏನಾರ ಅದೆಯಾ?"

"ಇದೆ. ಸೋಪು."

ಅವರು ಅಣ್ಣನ ಮುಖ ನೋಡಿದರು. ಅಣ್ಣ ಅವರ ಮುಖ ನೋಡಿದರು. ಪೇಟೆಯಿಂದ ಬಂದವನು ತಮ್ಮನ್ನು ಗೇಲಿ ಮಾಡುತ್ತಿದ್ದಾನೆ ಅಂತ ಇಬ್ಬರಿಗೂ ಖಚಿತವಾಯಿತು. ದೊಡ್ಡಪ್ಪ ಪಂಚೆ ಕಟ್ಟಿಕೊಂಡು ಎದ್ದೇಬಿಟ್ಟರು. ಇನ್ನು ದಾರಿಯಿಲ್ಲವೆಂದು ನಾನು ಸರ್ವೀಸಿನಲ್ಲಿ ಮೊದಲ ಸಲ ನನ್ನ ಬಾಯಿಂದಲೇ ಆ ಮಾತನ್ನು ಆಡಿದೆ.

"ಅನ್‌ಹೈಜೀನಿಕ್ ಅಂದ್ರೆ ಗಲೀಜು ಅಂತ. ಅಷ್ಟೇ. ಈ ಅಮ್ಮನ ಮೆಸ್ಸು ಗಲೀಜಾಗಿದೆ ಅಂದೆ."

ಅಲ್ಲಿಯವರೆಗೆ ಸೆರಗಿನಲ್ಲಿ ಕಣ್ಣೊರೆಸುತ್ತಿದ್ದ ಆಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಏನಂದ್ರಿ?"

"ಅದು..."

"ಕಾಯ್ಲೆ ಅದೆ ಅಂದ್ರಿ, ತಡ್ಕಂಡೆ. ಗಲೀಜು ಅಂದ್ರೆ ತಡ್ಕಳಕಿಲ್ಲ! ನನ್ ಮೆಸ್ಸಲ್ಲಿ ಉಂಡೋರು ಯಾರು ಸತ್ತವ್ರೆ, ತೋರ್ಸಿ!"

ನಾನು ಸೌಟು ಹತ್ತಿರದಲ್ಲೆಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಆಗ ಒಳಬಾಗಿಲಿನಿಂದ ಹುಡುಗ ಬಾಯಿ ಬಿಟ್ಟ.

"ಗಲೀಜೇನಿಲ್ಲ ಸಾ. ನಾನು ದಿನಾ ಅಲ್ಲೇ ಊಟ ಮಾಡೋದು."

ಅಪ್ಪ ಹಿಂದೆ ತಿರುಗಿದರು. "ಅಲ್ಲೇ ಊಟ ಮಾಡ್ತೀಯಾ? ದಿನಾ ಅಟ್ಟಿಯಿಂದ ಬುತ್ತಿ ಕಟ್ಟುಸ್ಕೊಂಡು ಓಯ್ತೀಯಲ್ಲೋ?"

ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದಾಯಿತು. ಬುತ್ತಿ ಕಟ್ಟುವ ಅವ್ವ ಒಳಗೇ ಇದ್ದರು. ಹುಡುಗ ಮತ್ತೆ ತಲೆ ತಗ್ಗಿಸಿದ. ಹುಡುಗಿ ಶನಿವಾರ ಶಾಲೆ ಬಿಟ್ಟ ಮೇಲೆ ಮೆಸ್ಸಿನಲ್ಲಿ ಬಡಿಸಲು ನಿಲ್ಲುತ್ತಿದ್ದಳೆಂದು, ಸಂಬಂಧ ತಾನಾಗಿ ಬಂದದ್ದಲ್ಲವೆಂದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು.

ಮೊದಲು ನಕ್ಕವರು ಅಜ್ಜಿ. ಬಾಯಿಗೆ ಸೆರಗು ಹಿಡಿದು, ಕೆಮ್ಮು ಬರುವವರೆಗೆ ನಕ್ಕರು. "ಗಲೀಜಂತೆ! ಇಷ್ಟಕ್ಕಾ ಒಂದು ಒಳ್ಳೆ ಎಣ್ಣ ಬುಡಕೋಗಿದ್ರಿ? ನಾನು ಸೊಸೆಯಾಗಿ ಬಂದಾಗಿಂದ ನೋಡ್ತಾವ್ನಿ, ಈ ಅಟ್ಟಿ ಏನು ಕನ್ನಡಿಯಾ? ನಮ್ಗೂ ಆ ಕಾಯ್ಲೆ ಮೂರು ತಲೆಮಾರಿಂದ ಅದೆ ಕಣ್ರಪ್ಪಾ. ಜೋಡಿ ಸರಿಯಾಗದೆ!"

ಮದುವೆ ಆಯಿತು. ನನ್ನನ್ನೂ ಕರೆದಿದ್ದರು. ಗಂಡಿನ ಅಪ್ಪ ಬಂದವರಿಗೆಲ್ಲ "ಇವ್ರೇ ಕಣಪ್ಪ, ನಮ್ ಬೀಗ್ತಿ ಮೆಸ್ಸು ಗಲೀಜು ಅಂತ ಯೋಳಿ ಈ ಮದ್ವೆ ಉಳ್ಸಿದೋರು" ಎಂದು ಪರಿಚಯ ಮಾಡಿಸಿದರು. ಊಟದ ಪಂಕ್ತಿಯಲ್ಲಿ ಕೂರುವ ಹೊತ್ತಿಗೆ ಹೆಣ್ಣಿನ ತಾಯಿ ರೇಷ್ಮೆ ಸೀರೆಯಲ್ಲಿ ಬಂದು ಎದುರಿಗೆ ನಿಂತರು.

"ಕೈ ತೋರ್ಸಿ ಸಾ."

ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಊಂ. ಕೂತ್ಕಳಿ."

ಐಜಮ್ಮ

ಆಮೇಲೆ ನನಗೆ ಟಿ. ನರಸೀಪುರಕ್ಕೆ ವರ್ಗವಾಯಿತು. ಅಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ಒಂದು ಮೂಲೆಯಿತ್ತು. ಸುತ್ತಲಿನ ಬೀದಿಯವರ ಕಸವೆಲ್ಲ ಅಲ್ಲಿಗೇ ಬಂದು ಬೀಳುತ್ತಿತ್ತು. ನಮ್ಮ ಭಾಷೆಯಲ್ಲಿ ಅಂಥ ಜಾಗಕ್ಕೆ ಬ್ಲ್ಯಾಕ್ ಸ್ಪಾಟ್ ಅಂತೀವಿ. ಬೆಳಿಗ್ಗೆ ಟ್ರ್ಯಾಕ್ಟರ್ ಬಂದು ಎತ್ತಿಕೊಂಡು ಹೋದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. 'ಇಲ್ಲಿ ಕಸ ಹಾಕಬಾರದು' ಅಂತ ಬೋರ್ಡು ನೆಟ್ಟೆವು. ಜನ ಕಸದ ಕವರನ್ನು ಬೋರ್ಡಿಗೆ ನೇತು ಹಾಕಿ ಹೋದರು, ನಾಯಿಗೆ ಎಟುಕದಿರಲಿ ಎಂದು.

ಮೈಸೂರಿನಿಂದ ಬಂದ ಮೇಲಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ನೋಡಿದರು. "ಮುಂದಿನ ಸಲ ನಾನು ಬಂದಾಗ ಈ ಕಸ ಇಲ್ಲೇ ಇದ್ರೆ, ನೀವು ಇಲ್ಲಿರಲ್ಲ" ಎಂದು ಹೇಳಿ ಜೀಪು ಹತ್ತಿದರು. ನನ್ನ ಮಗಳು ಆಗಷ್ಟೇ ಅಲ್ಲಿನ ಕಾಲೇಜಿಗೆ ಸೇರಿದ್ದಳು. ವರ್ಷದ ನಡುವೆ ಗಂಟುಮೂಟೆ ಕಟ್ಟುವುದೆಂದರೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಬೀದಿಯವರ ಸಭೆ ಕರೆದೆ. ಬರೀ ಬುದ್ಧಿ ಹೇಳಿದರೆ ಜನ ಕೇಳುವುದಿಲ್ಲ, ಏನಾದರೂ ಸ್ವಾರಸ್ಯವಾಗಿ ಹೇಳಬೇಕು ಎಂದು ನನ್ನ ಮಗಳು ಫೋನಿನಲ್ಲಿ ಹುಡುಕಿ ಹೈಜೀನ್ ಅನ್ನುವ ಪದ ಎಲ್ಲಿಂದ ಬಂತೆಂದು ಹೇಳಿಕೊಟ್ಟಿದ್ದಳು. ಅದನ್ನೇ ಹೇಳಿದೆ.

"ನೋಡಿ, ಹೈಜೀನ್ ಅನ್ನೋದು ಒಂದು ದೇವಿಯ ಹೆಸರಿನಿಂದ ಬಂದದ್ದು. ಹೈಜಿಯಾ ಅಂತ. ಬಹಳ ಹಿಂದಿನ ಕಾಲದ ದೇವತೆ. ವೈದ್ಯರ ದೇವರ ಮಗಳು. ಕಾಯಿಲೆ ಬರದ ಹಾಗೆ ಕಾಪಾಡೋದು, ಶುಚಿಯಾಗಿ ಇಡೋದು ಅವಳ ಕೆಲಸ."

ಮುಂದಿನ ಸಾಲಿನಲ್ಲಿ ಕೂತಿದ್ದ ಹೂ ಮಾರುವ ಅಜ್ಜಿ ಕಟ್ಟುತ್ತಿದ್ದ ಮಾಲೆ ಕೆಳಗಿಟ್ಟರು.

"ಐಜಮ್ಮನಾ?"

"ಹೈಜಿಯಾ."

"ಅದೇ, ಐಜಮ್ಮ. ಕೈಲೇನ್ ಇಡ್ಕಂಡವಳೆ?"

"ಒಂದು ಕೈಲಿ ಬಟ್ಟಲು. ಮೈಮೇಲೆ ಒಂದು ಹಾವು ಸುತ್ತಿಕೊಂಡಿರುತ್ತೆ. ಬಟ್ಟಲಿನಿಂದ ಅದಕ್ಕೆ ಉಣಿಸ್ತಾಳೆ."

"ನಾಗಪ್ಪನ್ಗೆ ಆಲು ಎರೀತಾಳೆ!" ಅಜ್ಜಿ ಸುತ್ತಲಿನವರ ಕಡೆ ತಿರುಗಿದರು. "ಅಂಗಾದ್ರೆ ನಮ್ಮೋಳೇ ಕಣ್ರವ್ವ."

"ಯಾವೂರ್ ಸಾ ಅವಳ್ದು?" ಹಿಂದಿನಿಂದ ನಮ್ಮ ಕಸದ ಟ್ರ್ಯಾಕ್ಟರ್ ಡ್ರೈವರು ಕೇಳಿದ.

"ಗ್ರೀಸ್."

"ಗ್ರೀಸಾ ಸಾ?"

"ಹೂಂ ಕಣಪ್ಪ, ಗ್ರೀಸೇ."

ಅವನ ಮುಖ ಅರಳಿತು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಕೊನೆಗೆ ವಿಷಯಕ್ಕೆ ಬಂದೆ. "ಅನ್ ಅಂದ್ರೆ ಇಲ್ಲ ಅಂತ. ಯಾವ ಜಾಗ ಅನ್‌ಹೈಜೀನಿಕ್ಕೋ ಆ ಜಾಗದಲ್ಲಿ ಆ ತಾಯಿ ಇಲ್ಲ ಅಂತ ತಿಳ್ಕೊಳ್ಳಿ. ಈಗ ನಿಮ್ಮ ಈ ಮೂಲೆ ಇದೆಯಲ್ಲ, ಪೂರಾ ಅನ್‌ಹೈಜೀನಿಕ್."

"ಇಲ್ದೆ ಇದ್ರೆ ತಂದು ಮಡಗದಪ್ಪ. ಅದ್ಕೇನು!" ಎಂದರು ಅಜ್ಜಿ. ಎಲ್ಲರೂ ಹೌದೆಂದರು. ನಾನು ತಮಾಷೆ ಅಂದುಕೊಂಡೆ.

ವಾರ ಕಳೆದು ಹೋಗಿ ನೋಡಿದರೆ ಮೂಲೆಯಲ್ಲಿ ಒಂದು ಚೂರು ಕಸವಿರಲಿಲ್ಲ. ಹೊಳೆಯಿಂದ ತಂದ ಒಂದು ಉದ್ದನೆ ಕಲ್ಲು ನೆಟ್ಟಿದ್ದರು. ಅರಿಸಿನ, ಕುಂಕುಮ, ಎರಡು ಬೆಳ್ಳಿಕಣ್ಣು. ನೆಲ ಸಾರಿಸಿ ರಂಗೋಲಿ ಬಿಟ್ಟಿದ್ದರು. ಅಜ್ಜಿಯ ಹೂವಿನ ಬುಟ್ಟಿ ಪಕ್ಕದಲ್ಲೇ ಬಂದು ಕೂತಿತ್ತು. ಸಂಗಮದಲ್ಲಿ ಮಿಂದು ಬಂದ ಯಾತ್ರಿಕರು ಕಾರು ನಿಲ್ಲಿಸಿ, "ಯಾವ ದೇವ್ರಮ್ಮ ಇದು?" ಎಂದರೆ ಅಜ್ಜಿ, "ಐಜಮ್ಮ. ಡಾಕ್ಟ್ರು ದೇವ್ರ ಮಗ್ಳು. ಇಲ್ಲಿ ಕಸ ಆಕಿದೋರ್ಗೆ ಕೈ ಬಿದ್ದೋಯ್ತದೆ" ಎನ್ನುತ್ತಿದ್ದರು. ಕೈ ವಿಷಯ ನಾನು ಹೇಳಿರಲಿಲ್ಲ. ಆದರೆ ತಿದ್ದಲಿಲ್ಲ. ನಿಶ್ಚಿಂತೆಯಿಂದ ಮನೆಗೆ ಹೋಗಿ ಮಗಳಿಗೆ ಜಾಮೂನು ಕೊಡಿಸಿದೆ.

ಮುಂದಿನ ವಾರ ಹೋದಾಗ ಕಲ್ಲು ಕಪ್ಪಾಗಿತ್ತು. ಎಣ್ಣೆ ಅಭಿಷೇಕ ಇರಬಹುದೆಂದು ಹತ್ತಿರ ಹೋದೆ. ಎಣ್ಣೆಯ ವಾಸನೆ ಅಲ್ಲ. ಬುಡದಲ್ಲಿ ಒಂದು ಡಬ್ಬ ಇತ್ತು. ಡ್ರೈವರು ಅದರೊಳಗೆ ಬೆರಳು ಅದ್ದಿ, ಭಕ್ತಿಯಿಂದ ತಾಯಿಯ ನೆತ್ತಿಗೆ ಹಚ್ಚುತ್ತಿದ್ದ.

"ಏನಯ್ಯ ಇದು?"

"ಗ್ರೀಸು ಸಾ."

"ಗ್ರೀಸು ಯಾಕಯ್ಯ ಹಚ್ತಿದ್ದೀಯ?"

"ತಾವೇ ಯೋಳಿದ್ರಲ್ಲ ಸಾ, ತಾಯಿ ಗ್ರೀಸಿಂದ್ಲೇ ಬಂದೋಳು ಅಂತ. ಅವತ್ತಿಂದ ಅಚ್ತಾವ್ನಿ, ಗಾಡಿ ಒಂದು ದಿನ ಕೆಟ್ಟಿಲ್ಲ."

ಇದು ಊರಿನ ಡ್ರೈವರುಗಳಿಗೆಲ್ಲ ಹಬ್ಬಿತು. ಕಬ್ಬಿನ ಲಾರಿಯವರು, ಟಿಪ್ಪರಿನವರು, ಆಟೋದವರು, ಗಾಡಿ ರಿಪೇರಿಗೆ ಬಿಡುವ ಮುಂಚೆ ಒಂದು ಬೆರಳು ಗ್ರೀಸು ತಂದು ಹಚ್ಚತೊಡಗಿದರು. ಕಲ್ಲು ದಿನದಿನಕ್ಕೆ ದಪ್ಪವಾಯಿತು. ಬೆಳ್ಳಿಕಣ್ಣು ಮುಚ್ಚಿಹೋಗಿ ಮತ್ತೆ ಮೇಲೆ ಹೊಸ ಕಣ್ಣು ಇಟ್ಟರು. ಹಾರುವ ಧೂಳೆಲ್ಲ ಬಂದು ಅದಕ್ಕೇ ಅಂಟಿಕೊಂಡು ನಿಂತಿತು. ಸುತ್ತ ನೆಲ ಕನ್ನಡಿಯ ಹಾಗಿತ್ತು. ಊರಿನಲ್ಲಿ ಇದ್ದದ್ದರಲ್ಲಿ ಅತ್ಯಂತ ಗಲೀಜಾದ ವಸ್ತು ಅಂದರೆ ಆ ಶುಚಿತ್ವದ ದೇವಿ ಒಬ್ಬಳೇ. ತೊಳೆಸೋಣವೆಂದರೆ ನಮ್ಮ ಕೆಲಸದವರು ಯಾರೂ ಮುಟ್ಟಲು ಒಪ್ಪಲಿಲ್ಲ. ಮಕ್ಕಳುಮರಿ ಇರೋರು ಸಾ, ಅಂದರು. ನನಗೂ ಮಗಳಿದ್ದಾಳೆ, ನಾನೂ ಮುಟ್ಟಲಿಲ್ಲ.

ಅಷ್ಟರಲ್ಲಿ ಮೇಲಧಿಕಾರಿ ಬಂದೇಬಿಟ್ಟರು.

ಅವತ್ತು ಶುಕ್ರವಾರ. ಹೆಂಗಸರು ಆರತಿ ಹಿಡಿದು ನಿಂತಿದ್ದರು, ಡ್ರೈವರುಗಳು ಒಂದು ಕಡೆ ಕೈ ಮುಗಿದು ನಿಂತಿದ್ದರು. ಅಧಿಕಾರಿ ಜೀಪಿನಿಂದ ಇಳಿದು, ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದರು. ನೇರವಾಗಿ ಅವರ ಕಣ್ಣಿಗೆ ಬಿದ್ದದ್ದು ಕಲ್ಲು. ಮುಖ ಸಿಂಡರಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲರಿಗೂ ಕೇಳುವಂತೆ ಕೂಗಿದರು.

"ಅನ್‌ಹೈಜೀನಿಕ್!"

ಹೆಂಗಸರು ಥಟ್ಟನೆ ಕಣ್ಣು ಮುಚ್ಚಿ ಕೆನ್ನೆ ಕೆನ್ನೆ ಬಡಿದುಕೊಂಡರು. ಅಜ್ಜಿ ಒಂದು ಹಿಡಿ ಹೂ ಎರಚಿದರು. ನಮ್ಮ ಡ್ರೈವರಿಗೆ ಕಣ್ಣಲ್ಲಿ ನೀರೇ ಬಂತು. ಗ್ರೀಸು ಕೈಯಲ್ಲೇ ಅಧಿಕಾರಿಗೆ ನಮಸ್ಕಾರ ಮಾಡಿ ಕೇಳಿದ:

"ತಾಯಿ ಪೂರ್ತಿ ಎಸ್ರು ತಮ್ಗೂ ಗೊತ್ತಾ ಸಾ?"

ಅಧಿಕಾರಿ ನನ್ನನ್ನು ನೋಡಿದರು. ನಾನು ಹೊಳೆಯನ್ನು ನೋಡಿದೆ. ಅವರು ನೆಲ ನೋಡಿದರು, ಒಂದು ಕಡ್ಡಿ ಕಸ ಇರಲಿಲ್ಲ. ಸುತ್ತಲಿನ ಮುಖಗಳನ್ನು ನೋಡಿದರು. ಆಮೇಲೆ ಬಗ್ಗಿ ನಿಧಾನವಾಗಿ ಶೂ ಬಿಚ್ಚಿದರು. ಮಂಗಳಾರತಿ ತೆಗೆದುಕೊಂಡರು. ಡ್ರೈವರು ಹಣೆಗೆ ಹಚ್ಚಲು ಬಂದ ಗ್ರೀಸನ್ನು ಬೇಡವೆನ್ನಲು ಅವರಿಗೆ ಧೈರ್ಯ ಬರಲಿಲ್ಲ.

ಜೀಪಿನ ಹತ್ತಿರ ಬಂದ ಮೇಲೆ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಅದು ಹೋಗಲಿಲ್ಲ, ಇನ್ನೂ ಅಗಲವಾಯಿತು. ಯಾರಿಗೂ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಈ ತಾಲ್ಲೂಕಲ್ಲಿ ಇನ್ನೂ ಎಷ್ಟು ಬ್ಲ್ಯಾಕ್ ಸ್ಪಾಟ್ ಇವೆ, ನೋಡ್ರಿ. ಅಷ್ಟು ಕಲ್ಲು ಹೊಳೇಲಿ ಸಿಗುತ್ತಾ?"